ಹಳಿಯ ತುದಿ

ಜನ ರೈಲು ಹತ್ತಿದರೆ ಹಳಿ ಬೆಳೆಯುತ್ತದೆ, ಹತ್ತದಿದ್ದರೆ ಹಿಂದಕ್ಕೆ ಸರಿಯುತ್ತದೆ. ದಿನಾ ಬೆಳಿಗ್ಗೆ ಅದರ ತುದಿಗೆ ಟೇಪು ಹಿಡಿದು ಅಳತೆ ಬರೆಯುವುದು ಗ್ಯಾಂಗ್‌ಮನ್ ಫಕೀರಪ್ಪನ ಕೆಲಸ.

ಹತ್ತಿ ಗಿರಣಿಗಳ ಕಾಲದಲ್ಲಿ ಅದು ದಿನಕ್ಕೊಂದು ಮಾರು ಬೆಳೆದು, ಕರಿಹಾಳ ದಾಟಿ ಇನ್ನೂ ಏಳು ಊರು ಮುಟ್ಟಿತ್ತಂತೆ. ಗಿರಣಿ ಮುಚ್ಚಿ ಬಸ್ಸು ಬಂದ ಮೇಲೆ ಏಳೂ ಊರು ಬಿಟ್ಟುಕೊಟ್ಟು ಕರಿಹಾಳಕ್ಕೆ ಬಂದು ನಿಂತಿದೆ. ಅಲ್ಲಿ ಅದನ್ನು ಹಿಡಿದಿಟ್ಟವಳು ಬಾಳವ್ವ ಒಬ್ಬಳೇ. ಇದೇ ಸ್ಟೇಷನ್ನಿನಲ್ಲಿ ಬಾವುಟ ಹಿಡಿಯುತ್ತಿದ್ದ ಗಂಡ ತೀರಿಕೊಂಡಂದಿನಿಂದ ಅವಳು ದಿನಾ ಟಿಕೆಟ್ ತೆಗೆಸಿ ಹಿಂದಿನ ಸ್ಟೇಷನ್ನಿಗೆ ಹೋಗುತ್ತಾಳೆ, ಹೊಲದ ದಾರಿಯಲ್ಲಿ ನಡೆದು ಮನೆಗೆ ಬರುತ್ತಾಳೆ.

ಮೂರು ದಿನದಿಂದ ಅವಳು ಬಂದಿರಲಿಲ್ಲ. ಹಳಿ ಪ್ಲಾಟ್‌ಫಾರ್ಮು ಬಿಟ್ಟು ಸರಿದಿದ್ದರೆ ಸ್ಟೇಷನ್ನಿಗೆ ಬೀಗ ಹಾಕಬೇಕೆಂಬ ಆದೇಶ ಫಕೀರಪ್ಪನ ಜೇಬಿನಲ್ಲಿತ್ತು.

ಹೋಗಿ ನೋಡಿದರೆ ಹಳಿ ಸರಿದಿರಲಿಲ್ಲ. ರಾತ್ರೋರಾತ್ರಿ ಪ್ಲಾಟ್‌ಫಾರ್ಮು ದಾಟಿ ಎಡಕ್ಕೆ ಹೊರಳಿ, ಜೋಳದ ಸಾಲುಗಳ ನಡುವೆ ಹಾದು, ಬಾಳವ್ವನ ಹೊಸ್ತಿಲು ಮುಟ್ಟಿತ್ತು. ಅವಳು ಬಾಗಿಲ ಬಳಿ ಕೌದಿ ಹೊದ್ದು ಮಲಗಿದ್ದಳು.

"ಮೈಯಾಗ ಕಸುವಿಲ್ಲೋ ಫಕೀರಪ್ಪ. ಸ್ಟೇಷನ್ನಿನ ತನಕ ಬರಾಕ ಆಗಲಿಲ್ಲ."

"ನೀ ಬರೂದು ಬ್ಯಾಡ ಬಿಡಬೇ. ಅದ ಬಂದೈತಿ."

ಬಾಳವ್ವ ನಿಧಾನವಾಗಿ ಹೊರಳಿ ನೋಡಿದಳು. ಕೈ ಚಾಚಿ, ದನದ ಹಣೆ ಸವರುವಂತೆ ಹಳಿಯ ತುದಿಯನ್ನು ಸವರಿದಳು. ಫಕೀರಪ್ಪ ಟೇಪು ಬಿಚ್ಚಲಿಲ್ಲ.

"ಇಷ್ಟ ದೂರ ಯಾಕ ಬಂದಿ ಯಪ್ಪಾ," ಅಂದಳು ಅವಳು ಹಳಿಗೆ. "ನಾ ಹ್ವಾದ ಮ್ಯಾಲೆ ಇಷ್ಟೂ ದಾರಿ ನೀ ಒಬ್ಬನ ತಿರುಗಿ ಹೋಗಬೇಕಲ್ಲ."