ಬಿಟ್ಟುಕೊಟ್ಟ ಸೀಟು

"ತಗೋಮ್ಮ ಗಗನ, ಬಾಯಿ ಸಿಹಿ ಮಾಡ್ಕೋ. ನಮ್ಮ ಲಾಸ್ಯಂಗೆ ಬೆಂಗಳೂರು ಯೂನಿವರ್ಸಿಟಿಲಿ ಎಂಬಿಎ ಸೀಟು ಸಿಕ್ಬುಡ್ತು!" ಪ್ರೇಮಲೀಲಾ ಮಗಳ ಗೆಳತಿಯ ಕೈಗೆ ಕೇಸರಿಬಾತಿನ ತಟ್ಟೆ ಕೊಟ್ಟರು. "ಯಾರೋ ಪುಣ್ಯಾತ್ಗಿತ್ತಿ ಬೇಡ ಅಂತ ಬಿಟ್ಳಂತೆ. ವೇಯ್ಟಿಂಗ್ ಲಿಸ್ಟಲ್ಲಿ ಅವಳ ಹಿಂದೆ ಕಾಯ್ತಿದ್ದೋಳು ಇವಳೇ ಕಣಮ್ಮ."

ಗಗನಳ ಕೈ ಅಲ್ಲೇ ನಿಂತಿತು. ಸೀಟು ಬಿಟ್ಟವಳು ಅವಳೇ. ಬೆಂಗಳೂರು, ಮೈಸೂರು ಎರಡೂ ವಿಶ್ವವಿದ್ಯಾನಿಲಯಗಳಲ್ಲಿ ಸೀಟು ಸಿಕ್ಕಾಗ ಅವಳ ಮನಸ್ಸು ಬೆಂಗಳೂರಿನತ್ತಲೇ ಎಳೆದಿತ್ತು. "ನಂಗೂ ಇಲ್ಲೇ ಮೈಸೂರಲ್ಲಿ ಸಿಕ್ಕಿದೆ. ಇಬ್ರೂ ಒಟ್ಟಿಗೆ ಮಾನಸಗಂಗೋತ್ರಿ ಕ್ಯಾಂಪಸ್‌ಗೆ ಹೋಗೋಣ ಕಣೇ, ನನ್ನ ಬಿಟ್ಟೋಗ್ಬೇಡ," ಎಂದು ಲಾಸ್ಯ ಕೈಹಿಡಿದು ಗೋಗರೆದಿದ್ದಳು. ಗಗನ ಅಪ್ಪನೊಡನೆ ಜಗಳವಾಡಿ ಮೈಸೂರನ್ನೇ ಆರಿಸಿಕೊಂಡಳು. ತಾನೂ ಬೆಂಗಳೂರಿಗೆ ಅರ್ಜಿ ಹಾಕಿದ್ದೇನೆಂದು ಲಾಸ್ಯ ಬಾಯಿಬಿಟ್ಟಿರಲಿಲ್ಲ.

ಲಾಸ್ಯ ಕೋಣೆಯ ಬಾಗಿಲಲ್ಲಿ ನಿಂತಿದ್ದಳು.

"ನಿನ್ ಮುಂದಿದ್ದೋಳು ನಾನೇ ಅಂತ ಗೊತ್ತಿತ್ತೇನೇ?" ಗಗನ ಕೇಳಿದಳು.

ಪ್ರೇಮಲೀಲಾ ಏನೂ ತಿಳಿಯದೆ ಇಬ್ಬರ ಮುಖವನ್ನೂ ನೋಡಿದರು. ಲಾಸ್ಯ ತಲೆಯೆತ್ತದೆಯೇ ಹೇಳಿದಳು:

"ನೀನು ಬುದ್ಧಿವಂತೆ ಕಣೇ. ಎಲ್ಲಿ ಓದಿದ್ರೂ ಮುಂದೆ ಬರ್ತೀಯ."

ಇಷ್ಟು ವರ್ಷಗಳ ಸ್ನೇಹದಲ್ಲಿ ಲಾಸ್ಯ ಅವಳನ್ನು ಹೊಗಳಿದ್ದು ಅದೇ ಮೊದಲು. ಗಗನ ತಟ್ಟೆಯನ್ನು ಅಲ್ಲೇ ಇಟ್ಟು ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡಳು.