ಬಲೆಯ ಕಣ್ಣು

"ಈ ಕವಾಟ ಕೂರಿಸಿದವರಿಗೆ, ಮುಂದೆ ಯಾರಾದ್ರೂ ಈ ದಾರೀಲಿ ಬರ್ತಾರೆ ಅನ್ನೋ ಪರಿವೆಯೇ ಇರ್ಲಿಲ್ಲ" ಎಂದು ಡಾಕ್ಟರಮ್ಮ ಮುಖಗವಸಿನೊಳಗೇ ಗೊಣಗಿದರು. ಮೇಜಿನ ಮೇಲೆ ಅಂಗಾತ ಮಲಗಿದ್ದ ಟೈಪಿಸ್ಟಮ್ಮನ ಕಿವಿ ನೆಟ್ಟಗಾಯಿತು. ನಳಿಗೆ ತೂರಿಸಲು ಮಣಿಕಟ್ಟನ್ನಷ್ಟೇ ಮರಗಟ್ಟಿಸಿದ್ದರಿಂದ ಎಚ್ಚರ ಪೂರ್ತಿ ಇತ್ತು. ಹಿಂದೊಮ್ಮೆ ತೊಡೆಯ ರಕ್ತನಾಳದಿಂದ ನಳಿಗೆ ತೂರಿಸಿ, ಎದೆ ಕೊಯ್ಯದೆಯೇ ತನ್ನ ಹೃದಯದಲ್ಲಿ ಆ ಕವಾಟ ಕೂರಿಸಿದವರು ಯಾರೆಂದು ಆಕೆಗೆ ಚೆನ್ನಾಗಿ ಗೊತ್ತಿತ್ತು: ಇದೇ ಡಾಕ್ಟರಮ್ಮನ ಗಂಡ.

ಕವಾಟವೇನೋ ಗಡಿಯಾರದಂತೆ ನಡೆಯುತ್ತಿತ್ತು. ಬೆಳಗ್ಗಿನಿಂದ ಎದೆ ಹಿಂಡುತ್ತಿದ್ದ ನೋವಿನ ಮೂಲ ಬೇರೆ. ಹೃದಯಕ್ಕೇ ರಕ್ತ ಉಣಿಸುವ ಎಡ ಧಮನಿ ಕಟ್ಟಿಕೊಳ್ಳುತ್ತಿತ್ತು. ಅದರ ಬಾಯಿ ಕವಾಟವನ್ನು ಹಿಡಿದಿಟ್ಟ ಲೋಹದ ಬಲೆಯ ಆಚೆಗಿತ್ತು. ಬಲೆಯ ಯಾವುದಾದರೂ ಕಣ್ಣಿನೊಳಗಿಂದ ಸಣ್ಣ ನಳಿಗೆ ನುಸುಳಿಸಿ ಅಲ್ಲಿಗೆ ಮುಟ್ಟಬೇಕು. ಆದರೆ ಬಲೆಯ ಕಂಬವೊಂದು ಆ ಬಾಯಿಗೇ ಅಡ್ಡ ನಿಂತಿತ್ತು. ನಳಿಗೆ ಮತ್ತೆ ಮತ್ತೆ ಜಾರಿತು. ಆಗದಿದ್ದರೆ ಎದೆ ಸೀಳಬೇಕು, ಈ ವಯಸ್ಸಿನ ದೇಹ ಅದನ್ನು ತಾಳದು ಎಂದು ಮೊದಲೇ ಹೇಳಿದ್ದರು.

ಅಷ್ಟರಲ್ಲಿ ಗಂಡ ಡಾಕ್ಟರು ಎಕ್ಸ್‌ರೇ ತಡೆಯುವ ಸೀಸದ ನಿಲುವಂಗಿ ತೊಟ್ಟು ಒಳಗೆ ಬಂದರು. ಸುಮ್ಮನೆ ನೋಡಿಹೋಗಲು ಬಂದವರಂತೆ ನಿಂತು, ನಳಿಗೆ ಬದಲಿಸಬಹುದಲ್ಲ ಎಂದರು. ಬದಲಿಸಿಯಾಗಿದೆ ಎಂದರು ಹೆಂಡತಿ. ಇನ್ನೂ ಕೆಳಗಿನ ಕಣ್ಣು ನೋಡಿದರೆ? ಕಣ್ಣು ತನಗೂ ಇದೆ ಎಂದು ಉತ್ತರ ಬಂತು.

"ಅವತ್ತು ಜೀವ ಉಳಿಸೋದು ಮುಖ್ಯವಾಗಿತ್ತು" ಎಂದರು ಗಂಡ.

"ನಿಮ್ಮದು ಯಾವಾಗ್ಲೂ ಹಾಗೇ. ಮನೇಲಿ ಬೀರು ತಂದು ಕಿಟಕಿಗೆ ಅಡ್ಡ ಇಟ್ಟಾಗ್ಲೂ ಇದೇ ಮಾತು. ಬೀರು ನೆಟ್ಟಗೆ ನಿಂತಿದೆಯಲ್ಲ, ಅಷ್ಟು ಸಾಕು ಅಂದ್ರಿ."

ಟೈಪಿಸ್ಟಮ್ಮನಿಗೆ ಹೊಟ್ಟೆಯಾಳದಿಂದ ನಗು ಉಕ್ಕಿತು. ನಿವೃತ್ತಿಯಾಗುವವರೆಗೂ ಕೌಟುಂಬಿಕ ನ್ಯಾಯಾಲಯದಲ್ಲಿ ಕೂತು, ಗಂಡ ಹೆಂಡಿರ ಜಗಳವನ್ನು ಅಕ್ಷರ ಬಿಡದೆ ಬೆರಳಚ್ಚು ಮಾಡಿದ ಜೀವ. ನ್ಯಾಯಾಧೀಶರ ಎದುರು ನಗುವಂತಿರಲಿಲ್ಲ. ಉಸಿರು ಬಿಗಿಹಿಡಿದು ನಗು ನುಂಗುವುದು ಕರಗತವಾಗಿತ್ತು. ಈಗಲೂ ಎದೆ ತುಂಬ ಗಾಳಿ ಎಳೆದು, ತುಟಿ ಕಚ್ಚಿ, ಕಲ್ಲಿನಂತೆ ಮಲಗಿದರು. ಎಕ್ಸ್‌ರೇ ಪರದೆಯ ಮೇಲೆ ಹೃದಯ ತುಸು ಕೆಳಗಿಳಿಯಿತು. ನಳಿಗೆಯ ತುದಿ ಕಂಬದಿಂದ ಕೂದಲೆಳೆಯಷ್ಟು ಸರಿಯಿತು.

"ಹಾಗೇ ಇರಿ, ಉಸಿರು ಬಿಡಬೇಡಿ" ಎಂದ ಡಾಕ್ಟರಮ್ಮ ಬೆರಳ ತುದಿಯಲ್ಲಿ ನಳಿಗೆ ತಿರುವಿದರು. ಹಿಂದೆ ನಿಂತ ಗಂಡನೂ ಉಸಿರು ಹಿಡಿದುಕೊಂಡರು. ನಳಿಗೆ ಕಣ್ಣಿನೊಳಗೆ ನುಸುಳಿ ಧಮನಿಯ ಬಾಯಿಗೆ ಕಚ್ಚಿಕೊಂಡಿತು. ಇನ್ನು ಉಸಿರಾಡಿ ಎಂದಾಗ ಟೈಪಿಸ್ಟಮ್ಮನ ಕಣ್ಣಲ್ಲಿ ನೀರು. ಪಾಪ, ನೋವಿರಬೇಕೆಂದು ನರ್ಸ್ ಒರೆಸಿದಳು.

ಸಂಜೆ ಗಂಡ ಹೆಂಡತಿ ಜೊತೆಯಾಗಿಯೇ ವಾರ್ಡಿಗೆ ಬಂದರು. ಧಮನಿಯನ್ನು ತೆರೆದಿಡುವ ಸ್ಟೆಂಟ್ ಚೆನ್ನಾಗಿ ಕೂತಿತ್ತು, ಎದೆ ಹಗುರಾಗಿತ್ತು. ಮುಂದೊಂದು ದಿನ ಕವಾಟ ಸವೆದರೂ ಭಯವಿಲ್ಲ, ಅದರೊಳಗೇ ಇನ್ನೊಂದನ್ನು ಕೂರಿಸಬಹುದು ಎಂದು ಗಂಡ ಧೈರ್ಯ ಹೇಳಿದರು. ಅದನ್ನು ಕೂರಿಸುವವರು ಯಾರು ಎಂದು ಟೈಪಿಸ್ಟಮ್ಮ ಕೇಳಿದರು.

"ಇವರೇ. ನಾನು ಪಕ್ಕದಲ್ಲಿ ನಿಂತಿರ್ತೀನಿ" ಎಂದರು ಡಾಕ್ಟರಮ್ಮ.

ಟೈಪಿಸ್ಟಮ್ಮ ದಿಂಬಿಗೊರಗಿ, ಮತ್ತೆ ತುಟಿ ಕಚ್ಚಿ ನಗು ನುಂಗಿದರು.

"ಆಗ್ಲಿ. ಆದ್ರೆ ಅವತ್ತೂ ನನಗೆ ನಿದ್ದೆ ಬರಿಸ್ಬೇಡಿ."