ಏಡಿಯ ಎರಡು ಕೊನೆ

"ಮೊದಲು ಇಂಗ್ಲಿಷಿನದು ಹಾಕು," ಎಂದು ನಾಗೇಶರು ಮಗಳು ದೀಪಾಳಿಗೆ ಹೇಳಿ, ಕುರ್ಚಿಯನ್ನು ಟಿವಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡರು. ತೀರಿಕೊಂಡ ಹೆಂಡತಿ ರುಕ್ಮಿಣಿಯ ವರ್ಷಾಂತದ ಶ್ರಾದ್ಧ ನಿನ್ನೆಯಷ್ಟೇ ಮುಗಿದಿತ್ತು. ವರ್ಷ ತುಂಬುವವರೆಗೆ ಮನೆಯಲ್ಲಿ ಹಬ್ಬವಿಲ್ಲ, ಸಿನಿಮಾ ಇಲ್ಲ ಎಂದು ಅವರೇ ಕಟ್ಟು ಮಾಡಿದ್ದರು. ಹೀಗಾಗಿ ದೀಪಾ ಪಣಜಿಯಿಂದ ತಂದ ಎರಡು ಡಿವಿಡಿಗಳು ಕಾರವಾರದ ಕೋಡಿಬಾಗದಲ್ಲಿದ್ದ ಆ ಮನೆಯ ಕಪಾಟಿನಲ್ಲಿ ಸುಮ್ಮನೆ ಬಿದ್ದಿದ್ದವು. ಎರಡರಲ್ಲೂ ಒಂದೇ ರಾಕ್ಷಸ ಏಡಿಯ ಸಿನಿಮಾ. ಒಂದು ಜಪಾನಿನವರು ಮಾಡಿದ ಮೂಲ. ಇನ್ನೊಂದು, ಅಮೆರಿಕದವರು ಅದನ್ನು ಕತ್ತರಿಸಿ, ತಮ್ಮದನ್ನೂ ಸೇರಿಸಿ ಹೊರದೇಶಗಳಿಗೆ ಕಳಿಸಿದ್ದು.

ಈ ಏಡಿಗಾಗಿ ಗಂಡ ಹೆಂಡತಿ ಬಾಳುವೆಯುದ್ದಕ್ಕೂ ವಾದ ಮಾಡಿದ್ದರು. ಮದುವೆಗೆ ಮುಂಚೆ ನಾಗೇಶರು ಆ ಸಿನಿಮಾವನ್ನು ಕಾರವಾರದಲ್ಲಿ ನೋಡಿದ್ದರು. ಅಲ್ಲಿ ಏಡಿ ಯುದ್ಧನೌಕೆಯ ತೋಪಿಗೆ ಸಿಕ್ಕಿ ಸತ್ತಿತ್ತು. ರುಕ್ಮಿಣಿ ಹುಡುಗಿಯಾಗಿದ್ದಾಗ ಅಂಕೋಲೆಯ ಟೆಂಟಿನಲ್ಲಿ ನೋಡಿದ್ದಳು. ಯಾರಿಗೂ ಭಾಷೆ ತಿಳಿಯದ ಆ ಆಟಕ್ಕೆ ಟೆಂಟಿನವನೊಬ್ಬ ಮೈಕು ಹಿಡಿದು ಕಥೆ ಹೇಳಿದ್ದನಂತೆ. ಅಲ್ಲಿ ಏಡಿ ಸಾಯದೆ ಸಮುದ್ರಕ್ಕೆ ಮರಳಿತ್ತು. ನೀನು ನಿದ್ದೆ ಹೋಗಿದ್ದೆ, ಮೈಕಿನವನ ಬುರುಡೆ ನಂಬಿದೆ ಎಂದು ಇವರು ಹಂಗಿಸುತ್ತಿದ್ದರು. ನೆಂಟರ ಮುಂದೆ ಮಾತು ಬಂದಾಗ, ಅಕ್ಕನ ಪಕ್ಕದಲ್ಲೇ ಕೂತು ಅದೇ ಆಟ ನೋಡಿದ್ದ ತಮ್ಮ ಪುಟ್ಟು ಕೂಡ "ಭಾವ ಹೇಳೂದೇ ಸರಿ" ಎಂದುಬಿಡುತ್ತಿದ್ದ. ಅಲ್ಲಿಗೆ ವಾದ ಮುಗಿಯುತ್ತಿತ್ತು.

ಆಸ್ಪತ್ರೆಯಲ್ಲಿ, ಕೊನೆಯ ದಿನ, ಅವಳು ಏನೋ ನೆನೆದು ನಕ್ಕು, "ಅದು ಸಾಯ್ಲಿಲ್ಲ" ಎಂದಿದ್ದಳು. ಇವರು ರೂಢಿಯಂತೆ "ಸತ್ತದೆ" ಎಂದಿದ್ದರು. ಅವರಿಬ್ಬರ ನಡುವೆ ನಡೆದ ಕಡೆಯ ಮಾತು ಅದೇ ಆಯಿತು. ಹೋಗುವ ಜೀವದ ಎದುರಿಗೆ ನಿಜ ನುಡಿದೆನೋ, ಸುಳ್ಳು ನುಡಿದೆನೋ ಎಂಬುದು ದೇವರ ಮುಂದೆ ಕೂತಾಗಲೂ ನಾಗೇಶರನ್ನು ಬಿಟ್ಟಿರಲಿಲ್ಲ.

ಇಂಗ್ಲಿಷಿನದು ಓಡಿತು. ಮನೆಯಷ್ಟು ದೊಡ್ಡ ಏಡಿ ನೀರಿನಿಂದೆದ್ದು ಬಂತು. ಬಿಳಿಯ ಪತ್ರಕರ್ತನೊಬ್ಬ ಕಿಟಕಿಯಿಂದ ಅದನ್ನು ನೋಡಿ ಎಲ್ಲಿಗೋ ಫೋನು ಮಾಡಿದ. ಕೊನೆಯಲ್ಲಿ ತೋಪು ಗುಡುಗಿತು, ದಂಡೆಯ ತುಂಬ ಹೊಗೆ, ಏಡಿ ನಿರ್ನಾಮ. ನಾಗೇಶರು ತೊಡೆ ತಟ್ಟಿಕೊಂಡರು. ಅಂಕೋಲೆಯಿಂದ ವರ್ಷಾಂತಕ್ಕೆ ಬಂದು ಉಳಿದಿದ್ದ ಪುಟ್ಟು, ನೀವು ಹೇಳಿದ ಹಾಗೇ ಆಯಿತಲ್ಲ ಭಾವ ಎಂದು ತಲೆಯಾಡಿಸಿದ.

ಆಮೇಲೆ ಜಪಾನಿನದು. ಶುರುವಿನಿಂದಲೇ ಎಲ್ಲ ಬೇರೆ. ಬಿಳಿಯನ ಸುಳಿವೇ ಇಲ್ಲ. ಅವನಿದ್ದ ಜಾಗದಲ್ಲಿ ಮೀನುಗಾರರ ಹೆಂಗಸರು ದಂಡೆಗೆ ಬಂದು ಸಮುದ್ರಕ್ಕೆ ಅಕ್ಕಿ, ಹೂವು ಬಿಡುತ್ತಿದ್ದರು. ನಾಗೇಶರು ಕುರ್ಚಿಯಿಂದ ಎದ್ದೇಬಿಟ್ಟರು. ಈ ಪೂಜೆಯನ್ನು ಅಲ್ಲಿ ಕತ್ತರಿಸಿ ಎಸೆದಿದ್ದಾರೆ, ಆ ಬಿಳಿಯನನ್ನು ಆಮೇಲೆ ತುರುಕಿದ್ದಾರೆ, ಅವನು ಒಮ್ಮೆಯಾದರೂ ಊರವರ ಪಕ್ಕದಲ್ಲಿ ನಿಂತದ್ದುಂಟೇ ಎಂದು ಒಂದೇ ಸಮನೆ ಹೇಳತೊಡಗಿದರು. ದೀಪಾ ಒಂದನ್ನು ತೆಗೆದು ಇನ್ನೊಂದನ್ನು ಹಾಕಿ ತೋರಿಸುವಳು. ಇವರು ಹೌದು ಹೌದು ಎನ್ನುವರು. ಚಹಾ ಆರಿ ಕೆನೆಗಟ್ಟಿತು.

ಸಿನಿಮಾದ ನಡುವೆ ಒಮ್ಮೆ ತೋಪು ಹಾರಿತು. ಏಡಿಯ ಇಕ್ಕಳದಂಥ ಮುಂಗಾಲೊಂದು ಮುರಿದು ಬಿತ್ತು. ಎದುರಿಗೆ, ಮೂತಿಗೆ ಕಣ್ಣು ಬರೆದ ಒಂದು ದೋಣಿ ಮಗುಚಿಕೊಂಡಿತು.

"ನಿಲ್ಸು, ನಿಲ್ಸು. ಈ ದೋಣಿ ನೋಡಿದ್ಯೇನೇ? ಇಂಗ್ಲಿಷಿನದ್ರ ಕೊನೆಗೂ ಇದೇ ಬಂದದೆ," ಎಂದು ನಾಗೇಶರು ಕೂಗಿದರು.

ದೀಪಾ ಇಂಗ್ಲಿಷಿನದರ ಕೊನೆಯನ್ನು ಮತ್ತೆ ಹಾಕಿದಳು. ಅದೇ ದೋಣಿ, ಅದೇ ಹೊಗೆ. ನಡುವಿನ ತುಂಡನ್ನು ಕಿತ್ತು ಕೊನೆಗೆ ಅಂಟಿಸಿ, ಹೊಗೆ ಆರುವ ಮೊದಲೇ ಕಥೆ ಮುಗಿಸಿದ್ದರು. ಏಡಿ ಸತ್ತದ್ದನ್ನು ಯಾರೂ ತೋರಿಸಿಯೇ ಇರಲಿಲ್ಲ.

ನಾಗೇಶರು ಕೈಸನ್ನೆ ಮಾಡಿ, ಜಪಾನಿನದನ್ನೇ ಮುಂದುವರಿಸೆಂದರು. ಒಂದು ಮುಂಗಾಲು ಹೋದ ಏಡಿ ದಂಡೆಯ ಮೇಲೆ ಅಡ್ಡಡ್ಡ ನಡೆದು ಬಂತು. ಊರವರು ಓಡಲಿಲ್ಲ; ಬದಿಗೆ ಸರಿದು ದಾರಿ ಬಿಟ್ಟರು. ಅದು ನೀರಿಗಿಳಿಯಿತು. ಮೊದಲು ಕಾಲು, ಆಮೇಲೆ ಬೆನ್ನು ಮುಳುಗಿ, ಕೊನೆಗೆ ಬರೀ ತೆರೆ ಉಳಿಯಿತು. ನಾಗೇಶರ ಕೈಗಳು ತಾವಾಗಿಯೇ ಜೋಡಿಸಿಕೊಂಡಿದ್ದವು.

"ಅವ್ಳು ಹೇಳಿದ್ದೇ ಸರಿ," ಎಂದು ಅವರು ಮೆಲ್ಲನೆ ಅಂದು, ಪುಟ್ಟುವಿನ ಕಡೆ ತಿರುಗಿದರು. ಪುಟ್ಟುವಿನ ಮುಖದಲ್ಲಿ ಅಚ್ಚರಿಯ ಸುಳಿವೇ ಇರಲಿಲ್ಲ. "ಪುಟ್ಟೂ, ನಿಂಗೆ ಇದು ಗೊತ್ತಿತ್ತು."

"ಗೊತ್ತಿತ್ತು ಭಾವ. ಅದು ಕುಂಟ್ತಾ ಹೋಗೂದು ಕಂಡು ನಾನು ಟೆಂಟಿನಲ್ಲಿ ಅತ್ತಿದ್ದೆ. ಅಕ್ಕನೇ ಕಣ್ಣು ಒರೆಸಿದ್ಲು."

"ಮತ್ತೆ ಇಷ್ಟು ವರ್ಷ ನನ್ನ ಕಡೆಗೇ ಮಾತಾಡ್ದೆ ಯಾಕೆ ಮಾರಾಯಾ?"

ಪುಟ್ಟು ಹೆಗಲ ಮೇಲಿನ ಪಂಚೆ ಸರಿಪಡಿಸಿಕೊಂಡ. ದೀಪಾಳ ಮುಖ ನೋಡಿದ. ಆಮೇಲೆ ಹೇಳಿದ.

"ನಿಮ್ಮ ಮದ್ವೆ ಆದ ಹೊಸತು. ಅಕ್ಕನ ಪರ ಹೇಳೂಕೆ ಬಾಯಿ ತೆಗ್ದಿದ್ದೆ. ಅಕ್ಕನೇ ಒಳಗೆ ಕರ್ದು ಬೈದ್ಲು. 'ಈ ಮನೇಲಿ ಬಾಕಿ ಎಲ್ಲಾ ನಾ ಹೇಳಿದ ಹಾಗೇ ನಡೀತದೆ. ಏಡಿ ಒಂದನ್ನಾದ್ರೂ ಅವ್ರು ಕೊಲ್ಲಲಿ, ಬಿಡು' ಅಂದ್ಲು."